ಹಳ್ಳಿ ಯೋಜನೆಗಳಿಗೇ ಮೊದಲು ಕತ್ತರಿ ಯಾಕೆ?

ಪ್ರಶ್ನೆ: ಸರ್ಕಾರ ಖರ್ಚು ಕಡಿಮೆ ಮಾಡಲು ಹೊರಟಾಗೆಲ್ಲ ಗ್ರಾಮೀಣ ಯೋಜನೆಗಳಿಗೇ ಮೊದಲು ಕತ್ತರಿ ಬೀಳುತ್ತದೆ, ಯಾಕೆ? ಕೇಳಿದರೆ ಹಣ ಕಡಿಮೆಯೇ ಮಾಡಿಲ್ಲ ಅನ್ನುತ್ತಾರೆ. ಯಾವುದನ್ನು ನಂಬುವುದು?

ಉತ್ತರ: ಸಂಬಳ, ಪಿಂಚಣಿ, ಸಾಲದ ಬಡ್ಡಿ ಇವನ್ನೆಲ್ಲ ಸರ್ಕಾರ ನಿಲ್ಲಿಸುವ ಹಾಗಿಲ್ಲ. ಕತ್ತರಿಗೆ ಸುಲಭವಾಗಿ ಸಿಗುವುದು ಇಂಥ ಯೋಜನೆಗಳೇ. ಚದುರಿದ ಹಳ್ಳಿಗಳ ಕೂಗು ರಾಜಧಾನಿಗೆ ಕೇಳಿಸುವುದೂ ಕಡಿಮೆ, ನನಗೆ ಜಾಸ್ತಿ ಬೇಸರ ಅದಕ್ಕೇ.

ಹಣ ಕಡಿಮೆಯಾಗಿಲ್ಲ ಅನ್ನುವ ಮಾತನ್ನು ಸುಮ್ನೆ ಒಪ್ಪಬೇಡಿ. ಪ್ರತಿ ವರ್ಷ ಅದೇ 100 ಕೋಟಿ ಕೊಟ್ಟು, ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರುತ್ತಾ ಹೋದರೆ, 5 ವರ್ಷ ಕಳೆಯುವ ಹೊತ್ತಿಗೆ ಆ ಹಣದಲ್ಲಿ ಆಗುವುದು ಮೊದಲಿನ ಮುಕ್ಕಾಲು ಪಾಲು ಕೆಲಸ ಮಾತ್ರ. ಇದೂ ಕಡಿತವೇ ಅಲ್ವಾ? ಬಜೆಟ್ ದಿನದ ಘೋಷಣೆ ಬಿಡಿ, ಪರಿಷ್ಕೃತ ಅಂದಾಜು (ಬಜೆಟ್ ಆದ ಮೇಲೆ ಸರ್ಕಾರ ತಿದ್ದಿದ ಖರ್ಚಿನ ಅಂದಾಜು) ಮತ್ತು ನಿಜವಾಗಿ ಖರ್ಚಾದ ಲೆಕ್ಕ ನೋಡಿ.

ಮೊದಲ ಏಟು ಬೀಳುವುದು ರಿಪೇರಿ ಹಣಕ್ಕೆ. ಕೈಪಂಪಿನ ಒಳಗಿನ ವಾಷರ್ ಸವೆದಿದೆ ಅಂದುಕೊಳ್ಳಿ. ಎಷ್ಟು ಒತ್ತಿದರೂ ಬರೀ ಕಿರ್ ಕಿರ್ ಸದ್ದು, ನೀರಿಲ್ಲ. ಅಷ್ಟು ಚಿಕ್ಕ ಸಾಮಾನು ಬದಲಿಸಲು ದುಡ್ಡಿಲ್ಲದೆ ಹೆಂಗಸರು, ಮಕ್ಕಳು ಕೊಡ ಹಿಡಿದು ದೂರ ನಡೆಯುತ್ತಾರೆ. ಊರಿನ ಸಭೆಗೆ ಹೋದಾಗ ರಿಪೇರಿಗೆ ಎಷ್ಟು ಇಟ್ಟಿದ್ದರು, ಎಷ್ಟು ಬಂತು ಅಂತ ನೇರವಾಗಿ ಕೇಳಿ.