ಬೆಟ್ಟದಂಚಿನ ಬಿಳಿ ಗೆರೆ ಮಾಸ್ಕ್ ತಿದ್ದಿದರೆ ಹೋಗೋದಿಲ್ಲ

ಪುಣೆ ಬಳಿಯ ರಾಜಗಡ ಕೋಟೆಯಿಂದ ಹಾಲುಹಾದಿಯ 16 ಫೋಟೊ ತೆಗೆದು ಸ್ಟ್ಯಾಕ್ ಮಾಡಿದ್ದೀರಿ, ಅಂದರೆ ನಕ್ಷತ್ರ ಹೊಂದಿಸಿ ಎಲ್ಲವನ್ನೂ ಒಂದೇ ಫೋಟೊ ಮಾಡಿದ್ದೀರಿ. ನೆಲಕ್ಕೆ ಬೇರೆ ಫೋಟೊ. ಸೇರಿಸಿದಾಗ ಬೆಟ್ಟದ ಅಂಚಿಗೆ ಬೆಳ್ಳಗೆ ಗೆರೆ, ಮಾಸ್ಕಿನ (ಫೋಟೊದ ಯಾವ ಭಾಗ ಕಾಣಬೇಕೆಂದು ಹೇಳುವ ಮುಸುಕು) ಫೆದರ್, ಅಂದರೆ ಅಂಚಿನ ಮೃದುತನ, ಹೆಚ್ಚಿಸಿದರೆ ಇನ್ನೂ ದಪ್ಪ. ಯಾಕೆ ಅಂತ ಕೇಳಿದ್ದೀರಿ.

ನೀವು ಬರೆದ ಸೆಟ್ಟಿಂಗ್ ನೋಡಿ: ಆಕಾಶ 20 ಸೆಕೆಂಡ್, ಐಎಸ್‌ಒ 3200, ನೆಲ 4 ನಿಮಿಷ, ಐಎಸ್‌ಒ 1600, ಅಪರ್ಚರ್ ಒಂದೇ. ಅಂದರೆ ನೆಲದ ಫೋಟೊದಲ್ಲಿರುವ ಆಕಾಶ 6 ಪಟ್ಟು, ಸುಮಾರು ಎರಡೂವರೆ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು) ಹೆಚ್ಚು ಬೆಳಕಾಗಿದೆ. ಫೆದರ್ ಮಾಡಿದಷ್ಟೂ ಅದೇ ಹೊರಗೆ ಇಣುಕುತ್ತದೆ.

ಹಾಗಂತ ಮಾಸ್ಕನ್ನು ಬೆಟ್ಟದ ಒಳಕ್ಕೆ ಸರಿಸಿದರೆ ಕಪ್ಪು ಪಟ್ಟಿ ಬರುತ್ತದೆ. ಸ್ಟ್ಯಾಕ್ ಮಾಡುವಾಗ ನಕ್ಷತ್ರಗಳು ಒಂದರ ಮೇಲೊಂದು ಕೂರುತ್ತವೆ, ಬೆಟ್ಟ ಜರುಗಿ ಅದರ ಅಂಚು ಕಪ್ಪಗೆ ಕಲಸಿಹೋಗುತ್ತದೆ. 16 ಫೋಟೊಗೆ ಐದು ನಿಮಿಷಕ್ಕಿಂತ ಹೆಚ್ಚು; 14 ಎಂಎಂ ಲೆನ್ಸ್, 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಆದರೆ ಆ ಹೊತ್ತಿಗೆ ಸುಮಾರು 50 ಪಿಕ್ಸೆಲ್ ಸರಿದಿರುತ್ತದೆ.

ಅದಕ್ಕೇ ಮಾಸ್ಕ್ ಹಾಕುವ ಮೊದಲು ಆಕಾಶವನ್ನೇ ಕೆಳಕ್ಕೆ ಬೆಳೆಸಿ. ಸ್ಟ್ಯಾಕ್ ಆದ ಲೇಯರಿನಲ್ಲಿ ಕ್ಲೋನ್ ಸ್ಟ್ಯಾಂಪ್ (ಒಂದು ಕಡೆಯದನ್ನು ಇನ್ನೊಂದು ಕಡೆ ನಕಲು ಮಾಡುವ ಸಾಧನ) ಹಿಡಿದು, ಕಲಸಿಹೋದ ಪಟ್ಟಿಯ ಮೇಲಿನ ಸ್ವಚ್ಛ ಆಕಾಶದಿಂದ ತೆಗೆದು, ಬೆಟ್ಟದ ಅಂಚಿಗಿಂತ 60–80 ಪಿಕ್ಸೆಲ್ ಕೆಳಗಿನವರೆಗೂ ತುಂಬಿ. ಹೊಳೆಯುವ ನಕ್ಷತ್ರ ಎರಡೆರಡು ಸಲ ಬೀಳದ ಹಾಗೆ ನೋಡಿಕೊಳ್ಳಿ. ಇದರ ಮೇಲೆ ನೆಲದ ಲೇಯರ್, ಮಾಸ್ಕ್ 2 ಪಿಕ್ಸೆಲ್ ಒಳಕ್ಕೆ, ಫೆದರ್ 1 ಪಿಕ್ಸೆಲ್ ಸಾಕು. ಅಲ್ಲಲ್ಲಿ ಬಿಳಿ ಉಳಿದರೆ ಕ್ಲೋನ್ ಸ್ಟ್ಯಾಂಪನ್ನು ಡಾರ್ಕನ್ ಮೋಡಿಗೆ (ಹೆಚ್ಚು ಬೆಳಕಿರುವುದನ್ನು ಮಾತ್ರ ಕಪ್ಪಾಗಿಸುತ್ತದೆ) ಹಾಕಿ, ಒಪಾಸಿಟಿ 40ರಲ್ಲಿ, ಪಕ್ಕದ ಆಕಾಶದಿಂದ ಸವರಿ. ಆಕಾಶಕ್ಕಿಂತ ಕಪ್ಪಗಿರುವ ಬೆಟ್ಟಕ್ಕೆ ಏನೂ ಆಗೋದಿಲ್ಲ. ಮುಸ್ಸಂಜೆಯಲ್ಲಿ ತೆಗೆದ ನೆಲಕ್ಕೆ ಮಾತ್ರ ಈ ಉಪಾಯ ಬೇಡ, ಅಲ್ಲಿ ಬೆಟ್ಟವೇ ಬೆಳಕಾಗಿರುವುದರಿಂದ ಅಂಚು ಸವೆಯುತ್ತದೆ.

ಎಲೆ ಉದುರಿದ ಮರಗಳಿರುವ ಕಡೆ, ಅಷ್ಟು ಜಾಗಕ್ಕೆ ಮಾತ್ರ ಸ್ಟ್ಯಾಕ್ ಮಾಡದ ಆಕಾಶದ ಒಂದೇ ಫೋಟೊ ಬಳಸಿ. ಕೊಂಬೆ ತುಂಡಾಗಿ ಕಾಣುವುದಕ್ಕಿಂತ ಸ್ವಲ್ಪ ನಾಯ್ಸ್ (ಕಾಳುಕಾಳಾಗಿ ಕಾಣುವುದು) ಎಷ್ಟೋ ವಾಸಿ.

ಡಿಹೇಜ್ (ಮಬ್ಬು ತೆಗೆಯುವುದು), ಕ್ಲಾರಿಟಿ (ವಿವರ ಎದ್ದು ಕಾಣಿಸುವುದು) ಎಲ್ಲಾ ಆಕಾಶ ಬೆಳೆಸಿದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಕಪ್ಪು ಬೆಟ್ಟದ ಪಕ್ಕ ಮತ್ತೆ ಬೆಳಕಿನ ಅಂಚು ಹುಟ್ಟುತ್ತದೆ. ವೈಟ್ ಬ್ಯಾಲೆನ್ಸ್ ಎರಡಕ್ಕೂ ಒಂದೇ ಇರಲಿ, 4000 ಕೆಲ್ವಿನ್ ಹತ್ತಿರ. ಆಗ್ನೇಯಕ್ಕೆ ಮುಖ ಮಾಡಿ ತೆಗೆದಿದ್ದರೆ ಪುಣೆ ನಿಮ್ಮ ಎಡಕ್ಕಿರುತ್ತದೆ, ಅದರ ಬೆಳಕು ಎಡ ಅಂಚನ್ನು ತಿಳಿಯಾಗಿಸುತ್ತದೆ. ಒಂದು ಲೀನಿಯರ್ ಗ್ರೇಡಿಯಂಟ್ ಎಳೆದು ಅಲ್ಲಿ ಅರ್ಧ ಸ್ಟಾಪ್ ಇಳಿಸಿ.

ಕೊನೆಗೆ ನೆಲವನ್ನು ಎರಡು ಸ್ಟಾಪಿನಷ್ಟು ಇಳಿಸಿ. ಅಮಾವಾಸ್ಯೆಯ ರಾತ್ರಿ ಬಂಡೆ ಆಕಾಶಕ್ಕಿಂತ ಬೆಳ್ಳಗಿದ್ದರೆ, ಅಂಚು ಎಷ್ಟು ಚೊಕ್ಕವಾಗಿದ್ದರೂ ಅಂಟಿಸಿದ ಹಾಗೇ ಕಾಣುತ್ತದೆ.