ಜೇಬಿನ ಮೂಲೆಯ ಎರಡು ಹೊಲಿಗೆ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷದಿಂದ ಟೈಲರ್ ಆಗಿರುವ ಸಹೋದರಿಯೊಬ್ಬರು ಬರೆದಿದ್ದಾರೆ:

"ಯಾವ ಕೆಲಸ ಮಾಡಿದರೂ ಕರ್ತನಿಗೋಸ್ಕರ ಅಂತ ಮಾಡಿ ಎಂದು ಹೋದ ಭಾನುವಾರ ಸಭಾಪಾಲಕರು ಹೇಳಿದರು. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಶರ್ಟಿಗೆ ಜೇಬು ಕೂರಿಸ್ತೀನಿ. ಬರೀ ಜೇಬು. ಮೂಲೆಯಲ್ಲಿ ಬ್ಯಾಕ್‌ಟ್ಯಾಕ್ ಹಾಕಬೇಕು. ಟಾರ್ಗೆಟ್ ಜಾಸ್ತಿ ಇದ್ದಾಗ ಎಷ್ಟೋ ಜನ ಅದನ್ನು ಬಿಡ್ತಾರೆ, ಚೆಕಿಂಗ್‌ನಲ್ಲೂ ಎಲ್ಲಾ ಸಿಕ್ಕಿಬೀಳಲ್ಲ. ನಾನು ಬಿಡಲ್ಲ. ಬೇಗ ಮುಗಿಸಿದರೆ ಪಕ್ಕದವರ ಬಂಡಲ್ ತಂದು ನನ್ನ ಮುಂದೆ ಇಡ್ತಾರೆ. 'ನೀನು ಚರ್ಚಿಗೆ ಹೋಗೋಳಲ್ವಾ, ಮಾಡಮ್ಮ' ಅಂತಾರೆ. ಇದರಲ್ಲಿ ದೇವರ ಮಹಿಮೆ ಎಲ್ಲಿದೆ? ಹೊಸ ಹುಡುಗಿಗೆ ಕೆಲಸ ಕಲಿಸು ಅಂದಿದ್ದಾರೆ. ಅವಳಿಗೆ ಏನು ಹೇಳಿಕೊಡಲಿ?"

ಪ್ರಿಯ ಸಹೋದರಿ,

ನಿಮಗೆ ವಂದನೆಗಳು. ಕಾಗದದ ಎರಡು ಹಾಳೆಗಳಿಗೆ ಪಿನ್ ಹಾಕದೆ ನೀಲಿ ದಾರದಲ್ಲಿ ಹೊಲಿದು ಕಳಿಸಿದ್ದೀರಿ. ಓದಿ ಮುಗಿಸಿದ ಮೇಲೆ ಹೊಲಿಗೆಯ ತುದಿ ನೋಡಿದೆ. ಉಗುರಿನಿಂದ ಎಳೆದೆ. ಬಿಚ್ಚಲಿಲ್ಲ. ಅಲ್ಲೂ ಬ್ಯಾಕ್‌ಟ್ಯಾಕ್ ಹಾಕಿದ್ದೀರಿ.

ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಹೊಲಿಗೆ ಮುಗಿಯುವ ಕಡೆ ಮಿಷನ್ನನ್ನು ಎರಡು ಹೊಲಿಗೆಯಷ್ಟು ಹಿಂದಕ್ಕೆ ಓಡಿಸಿ ಮತ್ತೆ ಮುಂದಕ್ಕೆ ತಂದರೆ ದಾರ ಬಿಗಿಯಾಗಿ ಕೂರುತ್ತದೆ. ಅದೇ ಬ್ಯಾಕ್‌ಟ್ಯಾಕ್. ಅದಿಲ್ಲದಿದ್ದರೂ ಅಂಗಡಿಯಲ್ಲಿ ಜೇಬು ಚೆನ್ನಾಗೇ ಕಾಣುತ್ತದೆ. ನಾಲ್ಕಾರು ಸಲ ಒಗೆದ ಮೇಲೆ ಮೂಲೆ ಬಿಟ್ಟುಕೊಳ್ಳುತ್ತದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಚಾಮರಾಜಪೇಟೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಒಂದು ಸಂಜೆ, ಬಸ್ಸಿಗೆ ಹೊತ್ತಾಗುತ್ತೆ ಅಂತ, ಯಾರೋ ತೀರಿಕೊಂಡವರ ಕಾರ್ಡನ್ನು ಸುಮ್ನೆ ಕಣ್ಣಾಡಿಸಿ ಸಹಿ ಹಾಕಿ ಕೊಟ್ಟೆ. ತೀರಿಕೊಂಡ ತಾಯಿಯ ಹೆಸರಿನಲ್ಲೇ ಒಂದು ದೀರ್ಘ ಬಿಟ್ಟುಹೋಗಿತ್ತು. ಮಾರನೇ ದಿನ ಮಗ ಬಂದರು. ಕೂಗಾಡಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು ಆ ಅಕ್ಷರದ ಮೇಲೆ ಬೆರಳಿಟ್ಟರು. "ನಮ್ಮಮ್ಮನ ಹೆಸರು ಅಚ್ಚಾಗಿದ್ದು ಇದೊಂದೇ ಸಲ, ಸಾರ್" ಅಂದರು.

ನನಗೆ ಅದು ಆ ದಿನದ ಹತ್ತಾರು ಪ್ರೂಫ್‌ಗಳಲ್ಲಿ ಒಂದು. ನಿಮಗೂ ಹಾಗೇ, ನೂರಾರು ಜೇಬುಗಳಲ್ಲಿ ಒಂದು. ಆ ಶರ್ಟು ಹಾಕಿಕೊಂಡು ಶಾಲೆಗೆ ಹೋಗುವ ಹುಡುಗನಿಗೆ ಮಾತ್ರ ಇರುವುದು ಒಂದೇ ಜೇಬು. ಅವನು ನಿಮ್ಮನ್ನು ಎಂದೂ ನೋಡುವುದಿಲ್ಲ. ಆದರೂ ಅವನ ಪೆನ್ನು ಬಿದ್ದುಹೋಗದ ಹಾಗೆ ನೀವು ನೋಡಿಕೊಂಡಿದ್ದೀರಿ. ನೆರೆಯವನನ್ನು ಪ್ರೀತಿಸು ಎಂಬ ಮಾತು ಪೀಣ್ಯದ ಆ ಫ್ಲೋರ್‌ನಲ್ಲಿ ಹಾಗೆ ನಡೆಯುತ್ತಿದೆ ಎಂದು ನಾನು ನಂಬುತ್ತೇನೆ.

ಮಹಿಮೆ ಎಲ್ಲಿದೆ ಎಂದು ಕೇಳಿದಿರಿ. ಬೈಬಲಿನ ವಿಮೋಚನಕಾಂಡದ 31ನೇ ಅಧ್ಯಾಯ ತೆಗೆದು ನೋಡಿ. ದೇವರು ತನ್ನ ಆತ್ಮದಿಂದ ತುಂಬಿಸಿದೆ ಎಂದು ಹೇಳುವ ಬೆಚಲೇಲ ಬೋಧಕನಲ್ಲ, ಕೈಕೆಲಸದವನು. ಅವನ ಜೊತೆಗಾರ ಒಹೊಲೀಯಾಬ ನೀಲಿ, ಕೆಂಪು ದಾರದಲ್ಲಿ ಕಸೂತಿ ಹಾಕುತ್ತಿದ್ದವನು. ನಿಮ್ಮ ನೀಲಿ ದಾರ ನೋಡಿದಾಗ ನನಗೆ ಅವನೇ ನೆನಪಾದ.

ಇಂಥ ಮಾತು ಬಂದಾಗ ನಮ್ಮವರು ಕಿಟೆಲ್ ಹೆಸರು ತೆಗೆಯುತ್ತಾರೆ. ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇದೆಯಲ್ಲ, ಅವರೇ. ಬಾಸೆಲ್ ಮಿಷನ್ನಿನ ಪಾದ್ರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ನಮ್ಮ ಪ್ರೆಸ್ಸಿನ ಹಿರಿಯರು ಅನುಮಾನ ಬಂದಾಗಲೆಲ್ಲ ಅದನ್ನೇ ತೆರೆಯುತ್ತಿದ್ದರು. ತೀರಾ ಸಣ್ಣ ಪದಕ್ಕೂ ತಮಿಳು, ತೆಲುಗು, ತುಳುವಿನ ನೆಂಟ ಪದಗಳನ್ನು ಹುಡುಕಿ ಕೊಟ್ಟಿದ್ದಾರೆ. ಸಾವಿರ ಪುಟ ದಾಟಿದ ಮೇಲೂ ಕೈ ಸಡಿಲವಾಗಿಲ್ಲ. ನನಗೆ ಅವರ ಮೇಲೆ ತುಂಬಾ ಗೌರವ. ಆದರೆ ಗಂಟೆಗೆ ಇಷ್ಟು ಪದ ಕೊಡು ಎಂದು ಅವರ ತಲೆಯ ಮೇಲೆ ಯಾರೂ ಕೂಗುತ್ತಿರಲಿಲ್ಲ. ಅವರನ್ನು ತೋರಿಸಿ ನಿಮಗೆ ಬುದ್ಧಿ ಹೇಳಿದರೆ ಅನ್ಯಾಯವಾಗುತ್ತದೆ.

ಅದಕ್ಕೇ ಸಭಾಪಾಲಕರು ಹೇಳಿದ ವಾಕ್ಯಕ್ಕೇ ಬರೋಣ. ಅದು ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ, 23ನೇ ವಚನ. ಒಂದು ವಚನ ಹಿಂದೆ ಹೋಗಿ ನೋಡಿ, ಪೌಲ ಮಾತಾಡುತ್ತಿರುವುದು ದಾಸರ ಜೊತೆ. ಹಣ ಕೊಟ್ಟು ಕೊಂಡ ಆಳುಗಳ ಜೊತೆ. ಯಜಮಾನ ನೋಡುವಾಗ ಮಾತ್ರ ದುಡಿಯಬೇಡಿ ಎನ್ನುತ್ತಾನೆ. ಒಂದು ವಚನ ಮುಂದೆ ಹೋದರೆ, ಕರ್ತನಿಂದ ನಿಮಗೆ ಬಾಧ್ಯತೆ ಸಿಗುತ್ತದೆ ಎನ್ನುತ್ತಾನೆ. ಮಕ್ಕಳಿಗೆ ಬರುವ ಆಸ್ತಿಯ ಪಾಲು, ಆಳಿಗೆ! ಆ ಕಾಲದಲ್ಲಿ ದಾಸನೇ ಇನ್ನೊಬ್ಬರ ಆಸ್ತಿಯಾಗಿದ್ದ.

ನಾವು ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. 4ನೇ ಅಧ್ಯಾಯದ ಮೊದಲ ವಚನ ಯಜಮಾನರಿಗೆ ಹೇಳಿದ್ದು. ಆಳುಗಳಿಗೆ ನ್ಯಾಯವಾಗಿ ಸಲ್ಲಬೇಕಾದ್ದನ್ನು ಕೊಡಿ, ನಿಮಗೂ ಮೇಲೆ ಒಬ್ಬ ಯಜಮಾನ ಇದ್ದಾನೆ ಎಂದು. ಪೌಲ ಕೊಲೊಸ್ಸೆಗೆ ಕಳಿಸಿದವರಲ್ಲಿ ಓನೇಸಿಮ ಎಂಬ ದಾಸನೂ ಒಬ್ಬ. ಅವನ ಯಜಮಾನ ಫಿಲೆಮೋನನಿಗೆ ಪೌಲ ಬೇರೆಯೇ ಕಾಗದ ಬರೆದ. ಇವನನ್ನು ಇನ್ನು ದಾಸನ ಹಾಗೆ ಕಾಣಬೇಡ, ಪ್ರಿಯ ಸಹೋದರನ ಹಾಗೆ ಸೇರಿಸಿಕೋ ಎಂದ. 23ನೇ ವಚನವನ್ನು ನಿಮಗೆ ಓದಿ ಹೇಳುವವರು ಇದನ್ನೂ ಓದಿ ಹೇಳಬೇಕು. ನಮ್ಮ ಸಭೆಗಳಲ್ಲಿ ಇದು ಸಾಕಷ್ಟು ಆಗುತ್ತಿಲ್ಲ ಅನ್ನುವುದು ನನಗೆ ನೋವಿನ ವಿಷಯ.

ಪಕ್ಕದ ಬಂಡಲ್ ವಿಷಯ ಈಗ ಹೇಳುತ್ತೇನೆ. ಪಕ್ಕದವಳಿಗೆ ಜ್ವರ ಬಂದಿದ್ದರೆ, ರಾತ್ರಿಯೆಲ್ಲ ಮಗುವಿಗೆ ಹುಷಾರಿಲ್ಲದೆ ಎದ್ದಿದ್ದರೆ, ಅವಳ ಬಂಡಲ್ ಎತ್ತಿಕೊಳ್ಳಿ. ಆದರೆ ನಿಮ್ಮ ನಂಬಿಕೆಯನ್ನೇ ಮೂಗುದಾರ ಮಾಡಿ ಎಳೆದರೆ, ಆಗಲ್ಲ ಎಂದು ಮೆತ್ತಗೆ ಹೇಳಿ. ಹಾಗೆ ಹೇಳಿದರೆ ನಿಮ್ಮ ಸಾಕ್ಷಿ ಕೆಡುವುದಿಲ್ಲ. ವಾರಕ್ಕೆ 48 ಗಂಟೆ ಮೀರಿ ದುಡಿಸಿದರೆ ಎರಡರಷ್ಟು ಕೂಲಿ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. ಅದನ್ನು ಕೇಳಿ. ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ, ಕೊಯ್ಲು ಮಾಡಿದವರ ಕೂಗು ದೇವರ ಕಿವಿಗೆ ಬಿದ್ದಿದೆ ಎಂದು ಯಾಕೋಬನ ಪತ್ರದಲ್ಲೇ ಇದೆ.

ಬ್ಯಾಕ್‌ಟ್ಯಾಕ್ ಬಿಡುವವರ ಮೇಲೆ ಕೋಪ ಬೇಡ. ತಿಂಗಳ ಬಾಡಿಗೆ ನೆನೆಸಿಕೊಂಡು ಕೈ ಓಡಿಸುವವರು ಅವರು. ಅವರಲ್ಲೇ ಇಬ್ಬರು ಮೂವರನ್ನು ಕರೆದುಕೊಂಡು ಲೈನ್ ಸೂಪರ್‌ವೈಸರ್ ಹತ್ತಿರ ಹೋಗಿ, ಈ ಟಾರ್ಗೆಟ್‌ನಲ್ಲಿ ಮೂಲೆ ಗಟ್ಟಿ ಮಾಡೋಕೆ ಟೈಮೇ ಇಲ್ಲ ಎಂದು ಹೇಳಿ. ಒಬ್ಬರೇ ಹೋಗಬೇಡಿ.

ಹೊಸ ಹುಡುಗಿಗೆ ಮೊದಲೇ ವಾಕ್ಯ ಹೇಳಲು ಹೋಗಬೇಡಿ, ಕೇಳಿದರೆ ಹೇಳಿ. ಬ್ಯಾಕ್‌ಟ್ಯಾಕ್ ಹಾಕಿದ್ದೊಂದು, ಹಾಕದ್ದೊಂದು, ಎರಡು ಜೇಬು ಹೊಲಿದು ಅವಳ ಕೈಗೆ ಕೊಡಿ. ಮೂಲೆ ಹಿಡಿದು ಎಳೆಯಲು ಹೇಳಿ. ಊಟದ ಬಿಡುವಿನಲ್ಲಿ ಪಕ್ಕ ಕೂರಿಸಿಕೊಂಡು, ಪೇ ಸ್ಲಿಪ್‌ನಲ್ಲಿ ಓವರ್‌ಟೈಮ್ ಹಣ ಎಲ್ಲಿ ಬರೆದಿರುತ್ತೆ ಅನ್ನೋದನ್ನೂ ತೋರಿಸಿಕೊಡಿ.