ಹೊಯಿಗೆ (ಮರಳು) ಮಣ್ಣಿನಲ್ಲಿ ಆಲೂಗಡ್ಡೆ: ಯೂರಿಯಾ ಎಲ್ಲಿಗೆ ಹೋಗುತ್ತದೆ?

ಉಡುಪಿ ಕರಾವಳಿಯ ಕಾಪುವಿನ ಹೊಯಿಗೆ ಜಾಗದಲ್ಲಿ ಯೂರಿಯಾ ಒಮ್ಮೆಲೇ ಹಾಕಿ, ನಾಲ್ಕು ದಿನಕ್ಕೊಮ್ಮೆ ನೀರು ತುಂಬಿಸಿದರೂ ಆಲೂಗಡ್ಡೆಯ ಕೆಳಗಿನ ಎಲೆ ಹಳದಿಯಾಗ್ತಿದೆ ಅಂದಿದ್ದೀರಿ. ಗೊಬ್ಬರ ನೀರಿನ ಜೊತೆ ಕೆಳಗಿಳಿದಿರಬೇಕು. ಈ ಗಿಡದ ಬೇರು ಹೆಚ್ಚಾಗಿ ಮೇಲಿನ ಒಂದೂವರೆ ಅಡಿಯಲ್ಲೇ ಇರುತ್ತದೆ. ಅದರಿಂದ ಕೆಳಗೆ ಹೋದ ಯೂರಿಯಾದ ಸಾರಜನಕ ನಿಮ್ಮ ಬಾವಿಗೆ ಸೇರೀತು, ಗಿಡಕ್ಕಲ್ಲ.

ದಿನ ಬಿಟ್ಟು ದಿನ, ಬಿಸಿಲು ಜೋರಿದ್ದರೆ ದಿನಾ, ಸ್ವಲ್ಪವೇ ನೀರು ಕೊಡಿ. ಆಮೇಲೆ ಬುಡದ ಪಕ್ಕ ಒಂದು ಗೇಣು ಅಗೆದು ಹೊಯಿಗೆಯನ್ನು ಮುಷ್ಟಿಯಲ್ಲಿ ಹಿಂಡಿ. ಉಂಡೆ ನಿಂತರೆ ಸಾಕು. ಎರಡಡಿ ಕೆಳಗೂ ಚಂಡಿ (ಒದ್ದೆ) ಇದ್ದರೆ ಜಾಸ್ತಿಯಾಯ್ತು. ಯೂರಿಯಾ, ಪೊಟ್ಯಾಷ್ ಎರಡನ್ನೂ ಕಂತು ಮಾಡಿ. ಡ್ರಿಪ್ ಇದ್ದರೆ ಅದರಲ್ಲೇ ಬಿಡಬಹುದು. ಮುಂದಿನ ಸಲ ನಾಟಿಗೆ ಮೊದಲೇ ಹಟ್ಟಿಗೊಬ್ಬರ ಸೇರಿಸಿ.

ಆದರೆ ಗಡ್ಡೆ ಕಟ್ಟಲು ರಾತ್ರಿ ತಂಪು ಬೇಕು. ನಮ್ಮ ಸೆಕೆಯಲ್ಲಿ ಹಾಸನದಷ್ಟು ಬೆಳೆ ಬರೋದು ಕಷ್ಟ. ಆ ಜಾಗಕ್ಕೆ ಗೆಣಸೇ ವಾಸಿ ಅಲ್ವಾ?